ಮಾಲಿನಲ್ಲಿ ಹೆಣ್ಣು ತೋರಿಸಿದ ಅತ್ತೆ

ಊರಾಚೆಯ ಆ ಮಾಲಿಗೆ ನಮ್ಮ ಸೋದರತ್ತೆ ಹೋದಷ್ಟು ಸಲ ಅದರ ಮಾಲೀಕರೂ ಹೋಗಿರಲಿಕ್ಕಿಲ್ಲ. ಆದರೆ ಅಲ್ಲಿಂದ ಆಕೆ ಒಂದು ಕರ್ಚೀಫನ್ನೂ ಕೊಂಡು ತಂದವಳಲ್ಲ. ಆಕೆ ಹೋಗುತ್ತಿದ್ದದ್ದು ಗಂಡಿನ ಕಡೆಯವರಿಗೆ ಹೆಣ್ಣು ತೋರಿಸಲಿಕ್ಕೆ!

ಅತ್ತೆ ಮದುವೆಯಾಗಲಿಲ್ಲ. ದಾವಣಗೆರೆಯಲ್ಲಿ ನಮ್ಮೊಂದಿಗೇ ಇದ್ದಾಳೆ. ತನಗೆ ಬೇಡವಾದ ಮದುವೆಯನ್ನು ಊರಿಗೆಲ್ಲ ಮಾಡಿಸುವುದೇ ಆಕೆಯ ಕೆಲಸ. ಹರಿಹರದ ರಸ್ತೆಯಲ್ಲಿ, ಬಾತಿಯ ಹತ್ತಿರ ಮಾಲ್ ತೆರೆದಾಗ ಜನ ಸಂತೆಗೆ ಬಂದಂತೆ ಬಂದರು. ಸಿನಿಮಾ, ಬಟ್ಟೆ ಅಂಗಡಿ, ತಾನಾಗಿಯೇ ಮೇಲೇರುವ ಮೆಟ್ಟಿಲು! ಅತ್ತೆ ಅವೊಂದನ್ನೂ ನೋಡಲಿಲ್ಲ. ನೇರ ಮೇಲಿನ ಫುಡ್ ಕೋರ್ಟಿಗೆ ಹೋಗಿ, ಒಂದು ಕುರ್ಚಿಯಲ್ಲಿ ಕೂತು ಎದ್ದು, ಇನ್ನು ಮೇಲೆ ಹೆಣ್ಣು ನೋಡುವುದು ಇಲ್ಲೇ ಎಂದು ತೀರ್ಮಾನಿಸಿದಳು.

ಎರಡೂ ಕಡೆಯವರು ಹೌಹಾರಿದರು. ಹುಡುಗಿಯ ಮನೆ ನೋಡದೆ ಸಂಬಂಧ ಮಾಡುವುದುಂಟೆ? ಅತ್ತೆ ಜಗ್ಗಲಿಲ್ಲ. ಎಸ್ಕಲೇಟರ್ ಆಕೆಗೆ ಜಾತಕಕ್ಕಿಂತ ಹೆಚ್ಚು ಹೇಳುತ್ತಿತ್ತು. ಒಬ್ಬ ಗಂಡು ತಾಯಿಯನ್ನು ಕೆಳಗೇ ಬಿಟ್ಟು ತಾನೊಬ್ಬನೇ ಮೇಲೇರಿ ಮೊಬೈಲ್ ನೋಡುತ್ತ ನಿಂತ. ಪಾಪ, ಆ ತಾಯಿ ಸೀರೆಯ ನೆರಿಗೆ ಹಿಡಿದುಕೊಂಡು ಎಲ್ಲಿ ಕಾಲಿಡುವುದೆಂದು ಕೆಳಗೆ ತಡವರಿಸುತ್ತಿದ್ದರು. ಆ ಸಂಬಂಧ ಕಾಫಿ ಬರುವ ಮೊದಲೇ ಮುರಿಯಿತು. ಇನ್ನೊಬ್ಬ ತನ್ನ ತಾಯಿಯನ್ನೂ ಹುಡುಗಿಯ ಅಜ್ಜಿಯನ್ನೂ ಕೈಹಿಡಿದು ಹತ್ತಿಸುವಾಗ ಒಂದು ಚಪ್ಪಲಿ ಕಳೆದುಕೊಂಡ. ಬರಿಗಾಲಲ್ಲಿ ಕೂತು ಕಾಫಿ ಕುಡಿದ ಆ ಹುಡುಗನನ್ನು ಅತ್ತೆ ಅಲ್ಲೇ ಪಾಸು ಮಾಡಿದಳು.

ಹುಡುಗಿಯರಿಗೂ ಒಂದು ಉಪಾಯ ಹೇಳಿಕೊಟ್ಟಿದ್ದಳು. ಗಂಡು ಹಿಡಿಸದಿದ್ದರೆ, ಕೆಳಗೆ ಬಳೆ ನೋಡಿಕೊಂಡು ಬರುತ್ತೇನೆಂದು ಎದ್ದು ಹೋಗಬೇಕು. ಒಪ್ಪಿಗೆಯಾಗದ ಗಂಡುಗಳಿಂದ ಆ ಬಳೆ ಅಂಗಡಿಗೆ ಎಷ್ಟು ವ್ಯಾಪಾರವಾಯಿತೋ!

ಅದೇ ಬಳೆ ಅಂಗಡಿ ಮುಂದೊಂದು ದಿನ ಮುಚ್ಚಿತು. ಅದಕ್ಕೂ ಮೊದಲು ಸಿನಿಮಾ ನಿಂತಿತ್ತು, ಬಟ್ಟೆಯವರು ಊರೊಳಕ್ಕೆ ಹೋಗಿದ್ದರು. ಕೊನೆಗೆ ಎಸ್ಕಲೇಟರ್ ಕೂಡ ನಿಂತಿತು. ಅತ್ತೆ ಮಾತ್ರ ನಿಂತ ಮೆಟ್ಟಿಲುಗಳ ಮೇಲೆಯೇ ಬೀಗರನ್ನು ಏದುಸಿರು ಬಿಡಿಸಿ ಹತ್ತಿಸಿದಳು. ಆಕೆ ಬಂದಳೆಂದರೆ ವಾಚ್‌ಮನ್ ಒಂದೇ ಮೇಜಿನ ಮೇಲಿನ ದೀಪ ಹಾಕುತ್ತಿದ್ದ. ಹದಡಿಯಿಂದ ಬಂದ ಹುಡುಗಿಯೊಬ್ಬಳ ತಂದೆ ಸುತ್ತ ನೋಡಿ, "ಇಲ್ಲಿ ಯಾರೂ ಇಲ್ವಲ್ರಿ?" ಎಂದರು.

"ಅದಕ್ಕೇ ಕರ್ಕಂಡು ಬಂದಿದ್ದು. ಕೂಡ್ರಿ," ಎಂದಳು ಅತ್ತೆ.

ಮಾಲ್ ಮಾರಾಟವಾಯಿತು. ಸುತ್ತ ತಗಡಿನ ಬೇಲಿ ಬಂತು, ಒಳಗೆ ಒಡೆಯುವ ಕೆಲಸ ಶುರುವಾಯಿತು. ಅಲ್ಲಿ ದೊಡ್ಡ ಆಸ್ಪತ್ರೆ ಬರುತ್ತದಂತೆ. ಅತ್ತೆ ವಾಚ್‌ಮನ್ನನ್ನು ಹುಡುಕಿಕೊಂಡು ಹೋಗಿ, ಆಸ್ಪತ್ರೆಗೊಂದು ಕ್ಯಾಂಟೀನ್ ಇರುತ್ತದೋ ಇಲ್ಲವೋ ಎಂದು ವಿಚಾರಿಸಿ ಬಂದಳು. ಎಂಥ ಆಸೆ ನೋಡಿ! ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆಕೆ ನಗಲಿಲ್ಲ.

ಬೇರೆ ದಾರಿಯಿಲ್ಲದೆ ಮತ್ತೆ ಮನೆಗಳಲ್ಲೇ ಹೆಣ್ಣು ನೋಡುವುದು ಶುರುವಾಯಿತು. ಮೊನ್ನೆ ಹರಿಹರದ ಒಂದು ಮನೆಗೆ ಅತ್ತೆಯನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ. ಗಂಡಿನ ಕಡೆಯವರು ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಿದರು, ಫೋನ್ ಮಾಡುತ್ತೇವೆಂದು ಎದ್ದರು. ಅವರು ಕಾರು ಹತ್ತುವುದನ್ನು ಅಕ್ಕಪಕ್ಕದವರು ಗೇಟಿಗೆ ಬಂದು ನೋಡಿದರು. ಆ ಫೋನ್ ಬರುವುದಿಲ್ಲವೆಂದು ಮನೆಯವರಿಗೆಲ್ಲ ಆಗಲೇ ಗೊತ್ತಾಗಿತ್ತು.

ಅತ್ತೆ ಒಳಗೆ ಹೋದಳು. ಹುಡುಗಿ ರೇಷ್ಮೆ ಸೀರೆಯಲ್ಲೇ ಪ್ಲೇಟು ತೊಳೆಯುತ್ತಿದ್ದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತು, ಅವಳು ತೊಳೆದು ಕೊಟ್ಟದ್ದನ್ನೆಲ್ಲ ಒರೆಸಿಟ್ಟಳು.

ವಾಪಸು ಬರುವಾಗ, ನಿನಗ್ಯಾಕೆ ಬೇಕಿತ್ತು ಆ ಕೆಲಸ ಎಂದು ಕೇಳಿದೆ. ಹಿಂದಿನ ಸೀಟಿನಿಂದ ಮಾತು ಬಂತು.

"ನಮ್ಮನಿಗೂ ಹಿಂಗೇ ಬಂದು ಹೋಗೋರು. ಹೋದ್ಮ್ಯಾಲೆ ನಾನೂ ನಮ್ಮವ್ವನೂ ಪ್ಲೇಟು ತೊಳೀತಿದ್ವಿ. ಒಬ್ಬರ ಮಖ ಒಬ್ಬರು ನೋಡ್ತಿರ್ಲಿಲ್ಲ. ಅವ್ವನ್ನ ಹಂಗೆ ನೋಡೋಕಾಗ್ದೆ, ಇನ್ನು ಯಾರನ್ನೂ ಕರೀಬ್ಯಾಡ್ರಿ ಅಂದ್ಬಿಟ್ಟೆ."

ಬಾತಿಯ ಹತ್ತಿರ, ಬೇಲಿಯಾಚೆ ಮಾಲಿನ ಮೇಲ್ಮಹಡಿಯ ಗೋಡೆ ಬೀಳಿಸುತ್ತಿದ್ದರು. ನಾನು ಗಾಡಿ ನಿಧಾನ ಮಾಡಿದೆ.

"ನಿಲ್ಲಿಸಬ್ಯಾಡ, ಹೋಗು," ಎಂದು ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟಳು. ಮನೆ ಮುಟ್ಟುವವರೆಗೂ ಆ ಕೈ ತೆಗೆಯಲಿಲ್ಲ.