ಫೋನಲ್ಲಿ ಸಲಹೆ ಕೊಡೋದಿಲ್ಲ!

"ರೀ, ಇನ್ನು ಮುಂದೆ ನಿಮ್ಮ ಫೋನು ನನ್ನ ಹತ್ರ ಇರಲಿ. ನಿಮ್ಮ ಸಂಪಾದನೆ ಎರಡರಷ್ಟು ಮಾಡ್ತೀನಿ, ಕೆಲಸ ಅರ್ಧಕ್ಕೆ ಇಳಿಸ್ತೀನಿ. ಮಾಡದಿದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಸೌಟು ಎತ್ತಿ ಘೋಷಿಸಿದೆ. ಮಹಾರಾಣಿಯರು ಖಡ್ಗ ಎತ್ತುತ್ತಾರಂತೆ. ನನ್ನ ಕೈಗೆ ಸಿಕ್ಕಿದ್ದು ಸೌಟು.

ನಮ್ಮ ಯಜಮಾನರು ತಲೆ ಎತ್ತಲಿಲ್ಲ. ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ತೂಕಡಿಸುತ್ತಿದ್ದರು. ಪ್ಲಂಬರ್ ಹೆಂಡತಿಯಾದ ಮೇಲೆ ಈ ದೃಶ್ಯ ನೋಡಿ ನೋಡಿ ನನಗೇ ಸುಸ್ತಾಗಿತ್ತು. ಊಟಕ್ಕೆ ಕೂತ ಗಂಡ ಮೂರನೇ ತುತ್ತಿಗೆ ಗೊರಕೆ ಶುರು ಮಾಡಿದರೆ ಯಾರಿಗೆ ತಾನೇ ಹೊಟ್ಟೆ ಉರಿಯೋಲ್ಲ?

ಬೀದಿಯವರ ಬಾಯಲ್ಲಿ ಮಾತ್ರ ನಾವು ಕುಬೇರನ ಸಂಬಂಧಿಕರು. "ನಿಮಗೇನ್ರೀ! ಪ್ಲಂಬರ್ ಅಂದ್ರೆ ಡಾಕ್ಟರಿಗಿಂತ ಜಾಸ್ತಿ ದುಡೀತಾರಂತೆ!" ಅಂತಾರೆ. ಅದೇ ಬಾಯಿ ತಮ್ಮ ಮನೆ ನಲ್ಲಿ ರಿಪೇರಿಯಾದ ಮೇಲೆ, "ಐದು ನಿಮಿಷದ ಕೆಲಸಕ್ಕೆ ಇಷ್ಟೊಂದಾ?" ಅನ್ನುತ್ತೆ. ಡಾಕ್ಟರು ನಾಡಿ ಹಿಡಿಯೋದು ಅರ್ಧ ನಿಮಿಷ, ಅಲ್ಲಿ ಯಾರೂ ಗಡಿಯಾರ ನೋಡಲ್ಲ!

ಮನೆಯ ಸೋರಿಕೆ ಎಲ್ಲಿದೆ ಅಂತ ನಾನು ಕಂಡುಹಿಡಿದಿದ್ದೆ. ಅದು ಇವರ ಬಾಯಲ್ಲೇ ಇತ್ತು. ಯಾರಾದರೂ ಫೋನ್ ಮಾಡಿ, "ಅಣ್ಣಾ, ನಲ್ಲಿ ತೊಟ್ಟಿಕ್ತಾ ಇದೆ" ಅಂದರೆ ಸಾಕು. "ವಾಷರ್ ಸವೆದಿರುತ್ತೆ, ಅಂಗಡೀಲಿ ತಂದು ನೀವೇ ಹಾಕ್ಕೊಳ್ಳಿ, ಹೀಗೆ ತಿರುಗಿಸಿ, ಹಾಗೆ ಬಿಗಿ ಮಾಡಿ" ಅಂತ ಪೂರ್ತಿ ವಿದ್ಯೆ ಧಾರೆ ಎರೆದುಬಿಡೋರು. ಸುಲಭದ ಕೆಲಸವೆಲ್ಲ ಫೋನಲ್ಲೇ ದಾನ! ಉಳಿಯೋದು ಬೇರೆ ಯಾರೂ ಮೂಗು ತೂರಿಸದ ಮೋರಿ, ಕಟ್ಟಿಕೊಂಡ ಕಕ್ಕಸು. ಅದಕ್ಕೆ ಮಾತ್ರ ಇವರೇ ಖುದ್ದು ಹಾಜರು.

"ಯಾಕ್ರೀ ಹೀಗೆ ಪುಕ್ಕಟೆ ಹೇಳ್ತೀರಿ?" ಅಂತ ಕೇಳಿದರೆ, "ಫೋನಲ್ಲೇ ಮುಗಿದ್ರೆ ನಾಲ್ಕು ಮೆಟ್ಟಿಲು ಹತ್ತೋದು ತಪ್ಪುತ್ತಲ್ಲೇ" ಅನ್ನೋರು.

"ಮೆಟ್ಟಿಲಿಗೆ ಹೆದರಿದ ಪ್ಲಂಬರ್ ಎಲ್ಲಾದ್ರೂ ಉದ್ಧಾರ ಆಗ್ತಾನಾ?"

"ತಗೋ ಮಾರಾಯ್ತಿ," ಅಂತ ಫೋನು ನನ್ನ ಕಡೆ ಜಾರಿಸಿದರು. "ಅದರ ಕಾಟ ತಪ್ಪಿದ್ರೆ ನಿನಗೆ ಪುಣ್ಯ ಬರುತ್ತೆ."

ಮಂಚದ ಮೇಲಿಂದ ಅತ್ತೆ ಒಂದೇ ಮಾತು ಹೇಳಿದರು: "ಕೋತಿ ಕೈಗೆ ಮಾಣಿಕ್ಯ."

ನನ್ನ ಆಡಳಿತ ಶುರುವಾಯಿತು. ಕಾನೂನು ಮೂರೇ. ಫೋನಲ್ಲಿ ಸಲಹೆ ಇಲ್ಲ. ಮನೆ ಬಾಗಿಲಿಗೆ ಕಾಲಿಟ್ಟರೆ ವಿಸಿಟಿಂಗ್ ಚಾರ್ಜು. ಮೋರಿ ಕೆಲಸ ಒಪ್ಪಿಕೊಳ್ಳೋದೇ ಇಲ್ಲ. ಬೆಳಿಗ್ಗೆ ಹೊರಡುವಾಗ ಅರ್ಧ ದಿನದ ಮನೆಗಳನ್ನು ಇವರಿಗೆ ಬಾಯಿಪಾಠ ಮಾಡಿಸಿ ಕಳಿಸೋದು, ಊಟಕ್ಕೆ ಬಂದಾಗ ಮಿಕ್ಕಿದ್ದು. ಹಾರ್ಡ್‌ವೇರ್ ಅಂಗಡಿ ಮುಂದೆ ಇನ್ನೊಬ್ಬ ಪ್ಲಂಬರ್ ಸಿಕ್ಕ. ಅವನನ್ನು ಎಲ್ಲರೂ ಮೀಸೆ ಅಂತಲೇ ಕರೆಯೋದು. ಜಂಬಕ್ಕೆ ಅವನಿಗೂ ನನ್ನ ಕಾನೂನು ಉಪದೇಶ ಮಾಡಿದೆ. "ಬಾಯಿ ಬಿಟ್ರೆ ಬಂಡವಾಳ ಹೋಯ್ತು ಅಂತ ತಿಳ್ಕೋ ಮೀಸೆ!" ಅಂದೆ. "ಎಂಥಾ ಮಾತು ಹೇಳಿದ್ರಿ ಅಕ್ಕಾ!" ಅಂತ ಅವನು ಕೈ ಮುಗಿದ.

ಸಂಪಾದನೆ ನಿಜಕ್ಕೂ ಏರಿತು! ನಾನು ಏರಿಸಿದ ಕುತ್ತಿಗೆ ಇಳಿಸಲೇ ಇಲ್ಲ. ಆದರೆ ಒಂದು ತಮಾಷೆ ನೋಡಿ. ತೊಟ್ಟಿಕ್ಕುವ ನಲ್ಲಿಗಳೆಲ್ಲ ಅದೇನು ಪಿತೂರಿ ಮಾಡಿದ್ದವೋ, ಒಂದೂ ನೆಲದ ಮೇಲಿರಲಿಲ್ಲ. ಎಲ್ಲ ಮೂರನೇ ಮಹಡಿ, ನಾಲ್ಕನೇ ಮಹಡಿ, ಲಿಫ್ಟ್ ಇದ್ದ ಕಡೆ ಲಿಫ್ಟ್ ಕೆಟ್ಟಿರೋದು. ಮೊದಲು ಇವರು ಮೂರನೇ ತುತ್ತಿಗೆ ನಿದ್ದೆ ಹೋಗುತ್ತಿದ್ದರು. ಈಗ ತಟ್ಟೆ ಇಡುವ ಮೊದಲೇ. ಮಂಡಿ ಮೇಲೆ ಬಿಸಿನೀರಿನ ಬಟ್ಟೆ ಇಡುವಾಗ ನನಗೆ ಒಳಗೊಳಗೇ ಕಸಿವಿಸಿ. ಇವರಿಗೆ ವಿರಾಮ ಸಿಗಲಿ ಅಂತ ತಾನೇ ಇದೆಲ್ಲ ಶುರು ಮಾಡಿದ್ದು?

"ರೀ, ಅಡುಗೆಮನೆ ನಲ್ಲಿ ಅಲುಗಾಡ್ತಾ ಇದೆ."

"ಭಾನುವಾರ ನೋಡ್ತೀನಿ ಕಣೇ."

ಆ ಭಾನುವಾರವನ್ನೂ ನಾನು ಬೇರೆಯವರಿಗೆ ಬುಕ್ ಮಾಡಿಬಿಟ್ಟಿದ್ದೆ.

ಸೋಮವಾರ ಪಾತ್ರೆ ತೊಳೆಯುತ್ತಾ ನಲ್ಲಿ ತಿರುಗಿಸಿದೆ. ನಲ್ಲಿ ಹಾಗೇ ಕೈಗೆ ಬಂತು! ನೀರು ಸೂರಿಗೆ ಬಡಿದು ನನ್ನ ಮೇಲೇ ಸುರಿಯಿತು. ಅಂಗೈ ಒತ್ತಿ ಹಿಡಿದರೆ ಬೆರಳ ಸಂದಿಯಿಂದ ನಾಲ್ಕು ದಿಕ್ಕಿಗೂ ಚಿಮ್ಮಿತು. ಒಲೆ, ಡಬ್ಬಿ, ಬಾಗಿಲಾಚೆ ಮಂಚದ ಮೇಲೆ ಕೂತ ಅತ್ತೆ, ಯಾರಿಗೂ ಭೇದಭಾವ ಇಲ್ಲ!

"ಅತ್ತೇ! ಅವರಿಗೆ ಫೋನ್ ಮಾಡೀ!" ಎಂದು ಕಿರುಚಿದೆ.

ಅತ್ತೆ ಕಾಲು ಮೇಲೆಳೆದುಕೊಂಡು ತಮ್ಮ ಫೋನಿನ ಗುಂಡಿ ಒತ್ತಿದರು. ಅಷ್ಟರಲ್ಲಿ ನನ್ನ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಅಭ್ಯಾಸ ಎಂಥಾ ಕೆಟ್ಟದ್ದು ನೋಡಿ! ಒಂದು ಕೈಲಿ ಪೈಪು ಒತ್ತಿ ಹಿಡಿದು, ಇನ್ನೊಂದು ಕೈಲಿ ಫೋನೆತ್ತಿ, ಜೇನು ಸುರಿಯೋ ದನಿಯಲ್ಲಿ, "ನಮಸ್ಕಾರ, ಹೇಳಿ, ಯಾವ ಬೀದಿ?" ಅಂದೆ.

"ಲೋ ಮಗಾ, ನಲ್ಲಿ ಕಿತ್ಕೊಂಡು ಬಂತು ಕಣೋ!"

"ಮೊದಲು ವಿಸಿಟಿಂಗ್ ಚಾರ್ಜು ಒಪ್ಕೊಳ್ಳಿ ಅಮ್ಮಾ. ನಾವು ಫೋನಲ್ಲಿ ಸಲಹೆ ಕೊಡೋದಿಲ್ಲ."

"ಅಯ್ಯಯ್ಯೋ! ನನ್ನ ಮಗನ ಫೋನಲ್ಲಿ ಯಾವಳೋ ಹೆಂಗಸು ಮಾತಾಡ್ತಾಳಲ್ಲೇ!" ಅಂತ ಅತ್ತೆ ಮಂಚದ ಮೇಲಿಂದ ನನಗೇ ದೂರು ಕೊಟ್ಟರು. ಒಂದೇ ಮಾತು ಎರಡು ಕಿವಿಗೂ ಬಿದ್ದಾಗಲೇ ನನಗೆ ಬುದ್ಧಿ ಬಂದದ್ದು. ಇವರ ಫೋನು ನನ್ನ ಹತ್ರ, ಇವರು ಯಾವುದೋ ನಾಲ್ಕನೇ ಮಹಡಿಯಲ್ಲಿ!

ಬೇರೆ ದಾರಿ ಕಾಣದೆ ಮೀಸೆಗೆ ಫೋನ್ ಮಾಡಿದೆ. "ಮೀಸೆ, ನೀರು ನಿಲ್ಲಿಸೋದು ಹೇಗೆ, ಬೇಗ ಹೇಳು!"

"ಅಕ್ಕಾ, ಬಾಯಿ ಬಿಟ್ರೆ ಬಂಡವಾಳ ಹೋಯ್ತು," ಅಂದ ಅವನು, ಭಕ್ತಿಯಿಂದ. "ಬರ್ತಾ ಇದೀನಿ. ಬಂದದ್ದಕ್ಕೆ ಚಾರ್ಜು ಉಂಟು, ನಿಮಗೆ ಹೇಳ್ಬೇಕಾ?"

ಬರಲಿ ಅಂದರೆ ಅವನು ಬರಬೇಕಲ್ಲ! ನೀರು ಹೊಸ್ತಿಲು ದಾಟಿ ಹಾಸಿಗೆ ಸುರುಳಿಯ ಕಡೆ ಹೊರಟಿತು. ಮತ್ತೆ ಫೋನು. ಹಿಂದಿನ ಬೀದಿಯ ಟೀಚರಮ್ಮ.

"ನಮ್ಮನೆ ಸಿಂಕಿಗೆ ಯಾವಾಗ ಬರ್ತಾರಮ್ಮಾ?"

"ಟೀಚರಮ್ಮಾ, ನಾನೇ ಮುಳುಗ್ತಾ ಇದೀನಿ!" ಎಂದು ಅಳುತ್ತಲೇ ಎಲ್ಲ ಒದರಿದೆ.

"ಅಯ್ಯೋ, ಇಷ್ಟೇನಾ? ಸಿಂಕಿನ ಕೆಳಗೆ ಕೈ ಹಾಕಿ. ಗೋಡೆ ಹತ್ರ ಒಂದು ಸಣ್ಣ ವಾಲ್ವ್ ಸಿಗುತ್ತೆ. ಬಲಕ್ಕೆ ತಿರುಗಿಸ್ತಾ ಹೋಗಿ. ಬಲಕ್ಕೆ, ಎಡಕ್ಕಲ್ಲ!"

ತಿರುಗಿಸಿದೆ. ನೀರು ನಿಂತಿತು.

"ನಿಮಗೆ ಇದು ಹೇಗೆ ಗೊತ್ತು ಟೀಚರಮ್ಮಾ?"

"ನಿಮ್ಮ ಯಜಮಾನರೇ ಹೇಳಿಕೊಟ್ಟಿದ್ದು, ಫೋನಲ್ಲಿ. ನಿಮಗೆ ಹೇಳಿಲ್ವಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ನೆಲದ ನೀರು ಬಳಿಯುತ್ತಿರುವಾಗ ಮೀಸೆ ಬಂದ. ಇಣುಕಿ ನೋಡಿ, ಹೊಸ ನಲ್ಲಿ ಕೂರಿಸಿ, ಕೈ ಒರೆಸಿಕೊಂಡು ನಿಂತ. ಕೆಲಸ ಐದೇ ನಿಮಿಷದ್ದು. ಚೌಕಾಸಿ ಮಾಡಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಏರಿದ್ದ ಸಂಪಾದನೆಯೆಲ್ಲ ಡಬ್ಬಿಯಿಂದ ಅವನ ಜೇಬಿಗೆ ಹೋಯಿತು. ಅದೇ ಹೊತ್ತಿಗೆ ಇವರು ಊಟಕ್ಕೆ ಬಂದು ಬಾಗಿಲಲ್ಲಿ ನಿಂತರು. ಒದ್ದೆ ಹೆಂಡತಿ, ಒದ್ದೆ ತಾಯಿ, ದುಡ್ಡು ಎಣಿಸುತ್ತಿರೋ ಮೀಸೆ.

"ಅಣ್ಣಾ, ಅಕ್ಕ ದೊಡ್ಡ ಬುದ್ಧಿವಂತೆ," ಅಂತ ಹೇಳಿ ಮೀಸೆ ನಡೆದ.

"ಪ್ಲಂಬರ್ ಸಂಪಾದನೆ ಹೆಚ್ಚಿಸ್ತೀನಿ ಅಂದಳು, ಹೆಚ್ಚಿಸಿದಳಪ್ಪಾ," ಅಂದರು ಅತ್ತೆ ಸೆರಗು ಹಿಂಡುತ್ತಾ. "ಯಾವ ಪ್ಲಂಬರ್ದು ಅಂತ ನಾವೇ ಕೇಳಲಿಲ್ಲ."

ಬೈತಾರೆ ಅಂದುಕೊಂಡೆ. ಇವರು ನಕ್ಕರು. ಎಷ್ಟೋ ದಿನದ ಮೇಲೆ, ಸುಸ್ತಾಗಿ, ಗೋಡೆಗೆ ಒರಗಿಕೊಂಡು ನಕ್ಕರು. "ಮಧ್ಯಾಹ್ನಕ್ಕೆ ಎಷ್ಟು ಮನೆ ಇದೆ?" ಅಂತ ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಅತ್ತೆಯ ಮಂಚದ ಒಣಗಿದ ತುದಿಯಲ್ಲಿ ಮುದುಡಿ ನಿದ್ದೆ ಹೋಗಿದ್ದರು. ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಅತ್ತೆ ಸದ್ದಿಲ್ಲದೆ ಎದ್ದು ಜಾಗ ಬಿಟ್ಟುಕೊಟ್ಟರು, ನಾನು ಚಪ್ಪಲಿ ಬಿಚ್ಚಿದೆ.

ಫೋನು ಬಡಿದುಕೊಂಡಿತು. ಓಡಿ ಹೋಗಿ ಹಿತ್ತಲಲ್ಲಿ ನಿಂತು ಎತ್ತಿದೆ. ಮಧ್ಯಾಹ್ನದ ಪಟ್ಟಿಯಲ್ಲಿದ್ದ ನಾಲ್ಕನೇ ಮಹಡಿಯ ಮೇಡಂ.

"ಏನ್ರೀ ಇದು, ನಿಮ್ಮ ಪ್ಲಂಬರ್ ಇನ್ನೂ ಬಂದಿಲ್ಲ!"

"ಅವರು ಮಲಗಿದಾರೆ ಮೇಡಂ," ಅಂತ ಪಿಸುಗುಟ್ಟಿದೆ.

"ಮಲಗಿದಾರಾ? ಹಾಡಹಗಲಲ್ಲಿ? ಹಾಗಾದ್ರೆ ಪ್ಲಂಬರ್‌ಗಳಿಗೆ ಸಿಕ್ಕಾಪಟ್ಟೆ ದುಡ್ಡಿದೆ ಅನ್ನೋದು ನಿಜ!"

"ನಿಜ ಮೇಡಂ, ಇಡೋಕೆ ಜಾಗ ಇಲ್ಲ," ಅಂದೆ. "ನಿಮ್ಮ ನಲ್ಲಿ ಎಲ್ಲಿ ಸೋರ್ತಾ ಇದೆ ಹೇಳಿ, ನಾನೇ ಹೇಳಿಕೊಡ್ತೀನಿ. ಸ್ವಲ್ಪ ಮೆಲ್ಲಗೆ ಮಾತಾಡಿ, ಅಷ್ಟೇ."