ಫಿನ್ಲೆಂಡಿನಿಂದ ಮೈಮೇಲೆ ಬಂದವಳು

ನಾನು ಎಂ.ಎ., ಬಿ.ಇಡಿ. ಸುರಪುರದಿಂದ ತಿಂಥಣಿ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸರಿದರೆ ಸಿಗುವ ಊರಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಶಾಲೆಯಲ್ಲೂ ಓಣಿಯಲ್ಲೂ ನನಗೆ ಅದೇ ಹೆಸರು. ತಲೆ ಅಲ್ಲಾಡಿಸಿದ ಮಾತ್ರಕ್ಕೆ ಯಾರಿಗೂ ಕೇಡಾಗುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಆ ಕಾಲ ನಾಗರ ಅಮಾವಾಸ್ಯೆಯ ಮಧ್ಯಾಹ್ನ ಮುಗಿಯಿತು.

ಎಲ್ಲ ಶುರುವಾದದ್ದು ಯುರೋಪ್ ಖಂಡದ ಪಾಠದಿಂದ. ನಮ್ಮ ಮಕ್ಕಳಿಗೆ ಹಿಮ ಎಂದರೆ ಫ್ರಿಜ್ಜಿನ ಮೇಲಂತಸ್ತು. ಫಿನ್ಲೆಂಡಿನ ನಿಜವಾದ ಹಿಮ ತೋರಿಸೋಣವೆಂದು ಮೊಬೈಲಿನಲ್ಲಿ ಹುಡುಕಿದೆ. ಹಿಮವೇನೋ ಬಂತು. ಅದರ ನಡುವೆ ಸೊಂಟದವರೆಗೆ ಕೂದಲು ಬಿಟ್ಟ ಗಂಡಸೊಬ್ಬ ನಿಂತು, ಏಳು ಜನ್ಮದ ಸಿಟ್ಟನ್ನು ಒಂದೇ ಉಸಿರಿನಲ್ಲಿ ಗರ್ಜಿಸಿದ. ನಮ್ಮ ಯಜಮಾನರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಊಟ ಬಿಟ್ಟು ಎದ್ದು ಬಂದು, ಯಾರ ಮನೆಯ ಎಮ್ಮೆ, ಕರು ಅಡ್ಡ ಬಂದಿದೆಯೇ ಎಂದು ವಿಚಾರಿಸಿದರು.

ಅದು ಹೆವಿ ಮೆಟಲ್ ಎಂಬ ಸಂಗೀತ. ಅದರ ಬಗ್ಗೆ ಓದುತ್ತ ಹೋದಂತೆ ನನಗೆ ಆ ಉತ್ತರದ ದೇಶಗಳ ಮೇಲೆ ಭಕ್ತಿಯೇ ಹುಟ್ಟಿತು. ಫಿನ್ಲೆಂಡ್, ಸ್ವೀಡನ್, ನಾರ್ವೆಗಳಲ್ಲಿ ಚಳಿಗಾಲದ ಸೂರ್ಯ ಹಾಜರಿ ಹಾಕಿ ಮಾಯವಾಗುವ ಗುಮಾಸ್ತನ ಹಾಗೆ. ತೀರಾ ಮೇಲಿನ ಊರುಗಳಲ್ಲಿ ಹಾಜರಿಯೂ ಇಲ್ಲ. ಜನ ಮಿತಭಾಷಿಗಳು. ಬಸ್ಸಿಗೆ ಕಾಯುವಾಗ ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರಂತೆ. ಯಾದಗಿರಿ ಬಸ್ ನಿಲ್ದಾಣದಲ್ಲಿ ಅಷ್ಟು ಜಾಗ ಬಿಟ್ಟರೆ ನಡುವೆ ಒಂದು ಸಂಸಾರ ಕೂತು ಬುತ್ತಿ ಬಿಚ್ಚುತ್ತದೆ! ಇಂಥ ಸೌಮ್ಯ ಜನ ತಮ್ಮ ಒಳಗಿನ ಕತ್ತಲೆಯನ್ನೆಲ್ಲ ಗಿಟಾರಿಗೆ ಸುರಿದು ಹೊರಗೆ ಕಳಿಸುತ್ತಾರೆ. ಅಲ್ಲಿನ ಗ್ರಂಥಾಲಯಗಳಲ್ಲಿ ಪುಸ್ತಕದ ಜೊತೆ ವಾದ್ಯವನ್ನೂ ಎರವಲು ಕೊಡುತ್ತಾರೆ. ಚರ್ಚಿನ ಪ್ರಾರ್ಥನೆಯನ್ನೂ ಮೆಟಲ್‌ನಲ್ಲಿ ಹಾಡಿದ್ದುಂಟು. ನಮ್ಮಲ್ಲಿ ಹಾಗೆ ಹಾಡಿದವನಿಗೆ ಮೊದಲು ತಾಯತ ಕಟ್ಟಿಸುತ್ತಾರೆ. ಅಲ್ಲಿ ಅವನು ದೇಶದ ಹೆಮ್ಮೆ. ಕೇಳಲು ಬಂದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಕುಣಿಯುತ್ತಾರೆ, ಆದರೆ ಒಬ್ಬ ಬಿದ್ದರೆ ಸುತ್ತಲಿನವರೇ ಎತ್ತಿ ನಿಲ್ಲಿಸುತ್ತಾರೆ. ಮುಗಿದ ಮೇಲೆ ಸದ್ದಿಲ್ಲದೆ ಸಾಲಾಗಿ ಮನೆಗೆ ಹೋಗುತ್ತಾರೆ. ಇದಕ್ಕಿಂತ ದೊಡ್ಡ ನಾಗರಿಕತೆ ಯಾವ ಪಠ್ಯಪುಸ್ತಕದಲ್ಲಿದೆ?

ಆ ಗರ್ಜನೆ ಗಂಟಲಿನಿಂದಲ್ಲ, ಹೊಟ್ಟೆಯಿಂದ ಬರಬೇಕು. ಪಾತ್ರೆ ತಿಕ್ಕುತ್ತ ಅಭ್ಯಾಸ ಮಾಡಿದೆ. ಬೆಕ್ಕು ಮನೆ ಬಿಟ್ಟಿತು. ತರಗತಿಯ ಹಿಂದಿನ ಬೆಂಚು ಮೊದಲ ಸಲ ನನ್ನ ಮಾತು ಕೇಳಿತು.

ಈಗ ಕಾಲುವೆಯ ವಿಷಯ ಹೇಳಬೇಕು. ಕೃಷ್ಣೆಯ ನೀರು ಕಾಲುವೆಯಲ್ಲಿ ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆದರೆ ನಮ್ಮೂರು ಇರುವುದು ಉಪಕಾಲುವೆಯ ಕೊನೆಯಲ್ಲಿ. ಮೇಲಿನವರು ಉಳಿಸಿದ್ದೇ ನಮಗೆ ತೀರ್ಥ. ಆ ವರ್ಷ ನಮ್ಮ ಸರದಿ ಬಂದರೂ ನೀರಾವರಿ ಇಲಾಖೆಯವರು ಗೇಟುಗಳನ್ನು ಗೇಣು ಮಾತ್ರ ಎತ್ತಿದ್ದರು. ಪಕ್ಕದ ಮನೆಯ ಕಾಶಮ್ಮನ ಭತ್ತದ ಸಸಿ ಮಡಿಯಲ್ಲೇ ಬಲಿತು ಹಳದಿಗೆ ತಿರುಗುತ್ತಿತ್ತು. ನೀರು ಬಾರದಿದ್ದರೆ ನಾಟಿ ಇಲ್ಲ, ನಾಟಿ ಇಲ್ಲದಿದ್ದರೆ ಆ ಮನೆಗೆ ವರ್ಷದ ಅನ್ನವಿಲ್ಲ. ಅವಳ ಗಂಡ ಭೀಮಣ್ಣ ಮತ್ತು ಓಣಿಯ ಗಂಡಸರು ತಾವೇ ಹೋಗಿ ಗೇಟು ಎತ್ತುವುದೋ ಬೇಡವೋ ಎಂದು ಕಟ್ಟೆಯ ಮೇಲೆ ಕೂತು ಚರ್ಚಿಸುತ್ತಿದ್ದರು. ಗೇಟು ಎರಡು. ಎರಡನ್ನೂ ಒಟ್ಟಿಗೆ ಎತ್ತಿದರೆ, ಕಾಶಮ್ಮನ ಗದ್ದೆಯ ಪಕ್ಕ ಬಿರುಕು ಬಿಟ್ಟಿರುವ ದಂಡೆ ಒಡೆದು ಸಸಿಯೆಲ್ಲ ಕೊಚ್ಚಿಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದನ್ನೇ ಎತ್ತಿದರೆ ನೀರು ಊರಿಗೆ ಮುಟ್ಟುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಯಾರೂ ಕಟ್ಟೆಯಿಂದ ಏಳುತ್ತಿರಲಿಲ್ಲ.

ಅವರನ್ನು ಎಬ್ಬಿಸಿದವಳು ನಾನು.

ಅಮಾವಾಸ್ಯೆಯಂದು ತಲೆಗೆ ಎರೆದುಕೊಂಡು, ಮುಖಕ್ಕೆ ಅರಿಶಿನ ಹಚ್ಚಿಕೊಂಡು, ಕೂದಲು ಒಣಗಿಸಲು ಮಾಳಿಗೆ ಹತ್ತಿದೆ. ಕಿವಿಯಲ್ಲಿ ವೈರಿಲ್ಲದ ಸಣ್ಣ ಇಯರ್‌ಫೋನು, ಅದರ ಮೇಲೆ ಕೂದಲು. ಹಾಡು ಏರಿತು. ಫಿನ್ಲೆಂಡಿನವರು ಹಾಡಿನ ಬಡಿತಕ್ಕೆ ತಲೆಯನ್ನು ಮೇಲೆ ಕೆಳಗೆ ಬೀಸುತ್ತಾರೆ. ಕೂದಲೂ ಬೇಗ ಒಣಗೀತೆಂದು ನಾನೂ ಬೀಸಿದೆ. ಕಣ್ಣು ಮುಚ್ಚಿದ್ದೆ. ಹೊಟ್ಟೆಯಿಂದ ಗರ್ಜನೆ ತಾನಾಗಿ ಬಂತು. ಕೊನೆಗೆ ತೋರುಬೆರಳು, ಕಿರುಬೆರಳು ಎರಡನ್ನೇ ನೆಟ್ಟಗೆ ಮಾಡಿ ಕೈಯನ್ನು ಆಕಾಶಕ್ಕೆ ಎತ್ತಿ, ಹಾಡು ಪೂರ್ತಿ ಮುಗಿಯುವವರೆಗೆ ಹಾಗೇ ನಿಂತೆ. ಅದು ಮೆಟಲ್ ಕೇಳುವವರ ನಮಸ್ಕಾರ.

ಕಣ್ಣು ತೆರೆದರೆ ಎದುರಿಗೆ ಕಾಶಮ್ಮ. ಕೈಯಲ್ಲಿ ನಿಂಬೆಹಣ್ಣು, ಒಡೆದ ತೆಂಗಿನಕಾಯಿ. ಹಿಂದೆ ಅರ್ಧ ಓಣಿ, ಎಲ್ಲರೂ ಕೈಮುಗಿದು! ನಾನು ಗರ್ಜಿಸುತ್ತಿದ್ದಾಗ ಆಕೆ, ನೀರಿಗೆ ಏನು ಮಾಡಬೇಕು ತಾಯಿ ಎಂದು ಕೇಳಿದ್ದಳಂತೆ. ತಾಯಿ ಎರಡು ಬೆರಳು ತೋರಿಸಿದ್ದಳು.

"ಎರಡೂ ಗೇಟ್ ಎತ್ತಂತ ಅಪ್ಪಣಿ ಕೊಟ್ಟೀದಿ. ಗಂಡಸ್ರು ಹಾರಿ ಗುದ್ದಲಿ ತಗೊಂಡು ಹೋಗ್ಯಾರ. ದಂಡಿ ಮಾತ್ರ ನೀನಽ ಕಾಯಬೇಕು, ನಮ್ಮವ್ವ," ಎಂದಳು ಕಾಶಮ್ಮ.

ನಾನು ದೇವಿಯಲ್ಲ, ಅಕ್ಕೋರು ಎಂದೆ. ಆಕೆ ಹಿಂದೆ ತಿರುಗಿ, "ದೇವಿ ಇಳ್ಯಾಕತ್ಯಾಳ, ಒಂದೀಟು ನೀರು ಕೊಡ್ರಿ," ಎಂದಳು.

ಹೋಳಿಗೆಯ ಕೈ ತೊಳೆಯಲೂ ಬಿಡದೆ ಯಜಮಾನರನ್ನು ಸ್ಕೂಟರಿಗೆ ಹತ್ತಿಸಿದೆ. ಮಾಳಿಗೆಯ ಮೇಲೆ ನಡೆದದ್ದನ್ನು ದಾರಿಯಲ್ಲಿ ಹೇಳಿದೆ. ಕಾಲುವೆಗೆ ಬಂದಾಗ ಮೊದಲ ಗೇಟು ಪೂರ್ತಿ ಮೇಲೆದ್ದಿತ್ತು. ಅದರ ಅಡಿಯಲ್ಲಿ ನೀರು ಕೆಂಪಗೆ ಮೊರೆಯುತ್ತಿತ್ತು. ಭೀಮಣ್ಣ ಎರಡನೆಯದರ ಹಿಡಿಕೆಗೆ ಕೈಹಾಕಿದ್ದ. ನಾನು ದಂಡೆಯ ಮೇಲೆ ನಿಂತು, ಗ್ರಾಮಸ್ಥರನ್ನು ಉದ್ದೇಶಿಸಿ, ನಾರ್ಡಿಕ್ ದೇಶಗಳ ಹವಾಮಾನ ಮತ್ತು ಸಂಗೀತಾಭಿರುಚಿ ಕುರಿತು ಸ್ಪಷ್ಟೀಕರಣ ನೀಡಲಾರಂಭಿಸಿದೆ.

ಭೀಮಣ್ಣ ಬಹಳ ಮರ್ಯಾದೆಯಿಂದ ಹೇಳಿದ: "ಅಕ್ಕೋರ, ನೀವು ಆಮ್ಯಾಗ ಹೇಳ್ರಿ. ದೇವಿ ಮಾತು ಮೀರಿದ್ರ ನಾವು ಉಳ್ಯಾಂಗಿಲ್ರಿ."

ಹಿಡಿಕೆ ತಿರುಗಿತು. ಎರಡನೆಯ ಗೇಟು ಕಿರುಗುಟ್ಟಿತು. ಯಜಮಾನರು ನನ್ನ ಕಿವಿಯಲ್ಲಿ ಹೇಳಿದರು: "ಅಕ್ಕೋರ ಮಾತು ಇವ್ರು ಕೇಳೂದಿಲ್ಲ. ಅಕಿನ್ನ ಕರಿ."

"ಯಾರನ್ನ?"

"ಅಕಿನ್ನಽ. ಫಿನ್ಲೆಂಡ್‌ದಾಕಿನ್ನ."

ಕೂದಲು ಬಿಚ್ಚಿದೆ. ಹಾಡಿಲ್ಲ, ತಾಳವಿಲ್ಲ, ನೀರಿನ ಮೊರೆತವೇ ಡ್ರಮ್ಮು. ನನ್ನ ಶಾಲೆಯ ಮಕ್ಕಳು ಕಾಲುವೆಯ ಆಚೆ ದಂಡೆಯಲ್ಲಿ ಸಾಲಾಗಿ ಕೂತಿದ್ದನ್ನು ನೋಡಿಯೂ ನೋಡದಂತೆ ತಲೆ ಬೀಸಿದೆ. ಹೊಟ್ಟೆಯ ಆಳದಿಂದ "ಒಂದೇ!" ಎಂದು ಗರ್ಜಿಸಿ, ಒಂದೇ ಬೆರಳು ಎತ್ತಿದೆ. ಎಲ್ಲ ಕೈಗಳೂ ಹಿಡಿಕೆ ಬಿಟ್ಟವು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಫಿನ್ಲೆಂಡಿನ ಕಲಾವಿದರು ಹಾಡನ್ನು ನಡುವೆ ಬಿಡುವುದಿಲ್ಲ. ಜನರ ಭಕ್ತಿ ನೋಡಿ ಹುರುಪೇರಿ, ಇನ್ನಷ್ಟು ಬೀಸಿದೆ. ಭೂಮಿ ಒಮ್ಮೆ ಎಡಕ್ಕೆ ವಾಲಿತು. ನಾನು ಬಲಕ್ಕೆ ವಾಲಿದೆ. ಬಲಕ್ಕೆ ಕಾಲುವೆ ಇತ್ತು.

ನೀರಿಗೆ ಅಷ್ಟೊಂದು ಬಲ ಇರುತ್ತದೆಂದು ಯಾವ ಎಂ.ಎ.ಯಲ್ಲೂ ಹೇಳಿಕೊಟ್ಟಿರಲಿಲ್ಲ. ಅದು ಸೀರೆಯನ್ನು ಹಿಡಿದು ತೆರೆದ ಗೇಟಿನ ಬಾಯಿಗೆ ಎಳೆಯಿತು. ಪಾದಕ್ಕೆ ಕಬ್ಬಿಣ ತಗುಲಿತು. ಆ ತಣ್ಣನೆಯ ಕಬ್ಬಿಣ ನನಗೆ ಇನ್ನೂ ಮರೆತಿಲ್ಲ. ಈಗಲೂ ಬಕೆಟ್ಟಿಗೆ ನಲ್ಲಿ ಬಿಟ್ಟ ಸದ್ದು ಕೇಳಿದರೆ ಗೋಡೆ ಹಿಡಿದು ನಿಲ್ಲುತ್ತೇನೆ. ಆ ಕ್ಷಣ ಯಾವ ದೇವಿಯೂ, ಯಾವ ಗಿಟಾರೂ ನೆನಪಿಗೆ ಬರಲಿಲ್ಲ. ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಯಾರೋ ನನ್ನ ಕೂದಲು ಹಿಡಿದರು. ಭೀಮಣ್ಣ. ಅವನ ಸೊಂಟವನ್ನು ಯಜಮಾನರು ಹಿಡಿದಿದ್ದರು, ಅವರನ್ನು ಇನ್ನೊಬ್ಬರು, ಇನ್ನೊಬ್ಬರನ್ನು ಮತ್ತೊಬ್ಬರು. ಎಳೆದು ಹಾಕಿದವರು ನೆಲಕ್ಕೂ ಇಳಿಸಲಿಲ್ಲ. ಕೈಯಿಂದ ಕೈಗೆ, ತಲೆಗಳ ಮೇಲಿಂದಲೇ ರಸ್ತೆಯವರೆಗೆ ಸಾಗಿಸಿದರು. ಆ ದೇಶಗಳಲ್ಲಿ ದೊಡ್ಡ ಗಾಯಕರಿಗೆ ಮಾತ್ರ ಸಿಗುವ ಗೌರವ ಅದು. ನನಗೆ ಸಿಕ್ಕಿತು. ಅನುಭವಿಸಲು ಆಗಲಿಲ್ಲ, ಬಾಯಿ ತುಂಬ ಕೃಷ್ಣೆಯ ನೀರಿತ್ತು.

ಎರಡನೆಯ ಗೇಟನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಒಂದೇ ಗೇಟಿನ ನೀರು ಸಂಜೆಯ ಹೊತ್ತಿಗೆ ಊರ ಗದ್ದೆಗಳಿಗೆ ಮುಟ್ಟಿತು. ದಂಡೆ ತಡೆಯಿತು. ಕಾಶಮ್ಮನ ಸಸಿ ನಾಟಿಯಾಗಿ ಬೇರು ಹಿಡಿಯಿತು.

ನಾಟಿ ಮುಗಿಸಿ ಆಕೆ ಉಡಿ ತುಂಬಲು ಬಂದಳು. ತುಂಬಬೇಕಾಗಿದ್ದು ನನ್ನ ಉಡಿಯಲ್ಲ, ದೇವಿಯದು. ಸುಳ್ಳಿನ ಮೇಲೆ ಕುಬುಸದ ಬಟ್ಟೆ ಸ್ವೀಕರಿಸಲು ನನ್ನ ಶಿಕ್ಷಣ ಒಪ್ಪಲಿಲ್ಲ. ಕೂರಿಸಿ, ಭೂಪಟ ಹಾಸಿ, ಮೊಬೈಲಿನಲ್ಲಿ ಹಿಮ ತೋರಿಸಿ, ಕತ್ತಲೆಯ ಚಳಿಗಾಲ, ವಾದ್ಯ ಕೊಡುವ ಗ್ರಂಥಾಲಯ, ಬಿದ್ದವರನ್ನು ಎತ್ತುವ ಪ್ರೇಕ್ಷಕರು, ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಶಮ್ಮ ಪೂರ್ತಿ ಕೇಳಿದಳು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕೋರ. ಅಕಿ ಬಂದಾಗ ಒಂದ ಮಾತಿನ್ಯಾಗ ಎಲ್ಲಾರಿಗೂ ತಿಳಿಸಿ ಹೋದ್ಳು. ನೀವು ಆಗಿನಿಂದ ಹೇಳಾಕತ್ತೀರಿ, ಒಂದೂ ತಿಳೀವಲ್ದು."

ಬಿ.ಇಡಿ. ಮುಗಿಸಿದ ಮೇಲೆ ನನ್ನ ಪಾಠಕ್ಕೆ ಸಿಕ್ಕ ಮೊದಲ ಪ್ರಾಮಾಣಿಕ ತಪಾಸಣಾ ವರದಿ ಅದು.