ಒಂದು ಗಂಡು ಉಳಿದಿದೆ

"ಕೆಳಗಿನ ಗರಿ ಅಷ್ಟ ಕೊಯ್ರಿ. ಸುಳಿಗೆ ಕೈ ಹಚ್ಚಬ್ಯಾಡ್ರಿ."

ಇಷ್ಟು ಹೇಳಿ ನನ್ನ ಹೆಂಡತಿ ಗುತ್ತೆವ್ವ ತೀರಿಕೊಂಡಳು. ಮೂವತ್ತು ವರ್ಷ ಮಾಸೂರ ಹಳ್ಳದ ಈಚಲ ಗರಿಯಿಂದ ಕಸಬರಗಿ ಕಟ್ಟಿದವಳು.

ಮುಂದಿನ ತಿಂಗಳು ಕಾಡು ಈಚಲು ಸಂರಕ್ಷಣಾ ಸಮಿತಿಯವರು ಜೀಪಿನಲ್ಲಿ ಬಂದರು. ಹಳ್ಳದಲ್ಲಿ ಹದಿನೇಳು ಗಿಡ. ಹದಿನೇಳಕ್ಕೂ ಅವಳ ಕುಡಗೋಲಿನ ಗುರುತು.

ಸಾಹೇಬರು ನಿಯಮ ಓದಿದರು. "ಮನುಷ್ಯರ ಕೈ ಬಿದ್ದ ಗಿಡ ಕಾಡುಗಿಡವಲ್ಲ. ಅಂಥವನ್ನು ಕಡಿದು, ಅದೇ ಜಾಗದಲ್ಲಿ ನರ್ಸರಿಯ ಕಾಡುಗಿಡ ನೆಡತಕ್ಕದ್ದು."

"ಇವು ತಮ್ಮಷ್ಟಕ್ಕ ತಾವ ಹುಟ್ಟಿದ್ದರಿ," ಅಂದೆ.

"ಯಾರ ಪರವಾನಗಿ ತಗೊಂಡು?"

ಜೀಪಿನಿಂದ ಗಿಡ ಕೊಯ್ಯುವ ಮಶೀನು ಇಳಿಯಿತು.

ಕಾರಕೂನ ನಿಯಾಜ ಒಳ್ಳೆಯವರು. ಫಾರಂ ತಿರುವಿ ನೋಡಿದರು. "ಸರ್, ಕಾಡುಪ್ರಾಣಿ ಗಾಯ ಮಾಡಿದ್ರ ಗಿಡ ಉಳೀತಾವರಿ. ಕಾಲಂ ಐತಿ." ನನ್ನ ಕಡೆ ತಿರುಗಿದರು. "ನಿಮ್ಮ ಮನಿಯವರು ಎಷ್ಟೊತ್ತಿಗೆ ಬರ್ತಿದ್ರು?"

"ಹೊತ್ತು ಹುಟ್ಟೂ ಮುಂದ."

"ಹಿಂಡು?"

"ಒಬ್ಬಾಕಿನ."

"ದನಿ?"

"ಒಂದ ಹಾಡು ಗುನುಗ್ತಿದ್ಲು."

ನಿಯಾಜ ಬರೆದುಕೊಂಡರು: ನಸುಕಿನ ಸಂಚಾರ. ಒಂಟಿ. ಮೆಲುದನಿ. ಸುಳಿಗೆ ಹಾನಿ ಮಾಡುವುದಿಲ್ಲ.

ಅವಳ ಬಗ್ಗೆ ಇಷ್ಟು ಚಂದ ಯಾರೂ ಬರೆದಿರಲಿಲ್ಲ.

"ಈಗ ಎಲ್ಲೈತಿ?" ಸಾಹೇಬರು ಕೇಳಿದರು.

"ತೀರಿಕೊಂಡ್ಲರಿ."

ಪೆನ್ನು ನಿಂತಿತು. ಪ್ರಾಣಿ ಇಲ್ಲದ ಜಾಗ ಆವಾಸಸ್ಥಾನ ಆಗುವುದಿಲ್ಲ, ಅದೂ ನಿಯಮ. ಮಶೀನು ಚಾಲೂ ಮಾಡಿದರು.

ದಂಡೆಯ ಮೇಲಿಂದ ಬಾಜೂಮನೆಯ ಶಾರವ್ವ ಚೀರಿದಳು. "ಗಂಡು ಐತೆಲ್ರಿ ಸಾಹೇಬ್ರ! ಅದನ್ನ ಬರ್ಕೋರಿ! ಆಕಿ ಹೋದಾಗಿಂದ ಅದೂ ಮಂದಿ ಕೂಡ ಮಾತಾಡವಲ್ದು!"

ಮಶೀನು ಬಂದಾಯಿತು. ಸಾಹೇಬರು ನನ್ನನ್ನು ಎರಡು ಸುತ್ತು ಹಾಕಿ ನೋಡಿದರು. ಬರೆದರು: ಒಂದು ಗಂಡು ಉಳಿದಿದೆ.

ನಾನು ಸಹಿ ಮಾಡಹೋದೆ.

"ಪ್ರಾಣಿ ಸಹಿ ಮಾಡೂದಿಲ್ಲ. ಹೆಬ್ಬೆಟ್ಟು ಒತ್ರಿ," ಅಂದರು.

ಒತ್ತಿದೆ. ಅದರ ಕೆಳಗೆ 'ಹೆಜ್ಜೆಗುರುತು' ಅಂತ ಸಿಕ್ಕಾ ಬಿತ್ತು. ಹದಿನೇಳು ಗಿಡ ಉಳಿದವು. ಸಂಜೆಯೊಳಗೆ ಬೋರ್ಡು ನಿಂತಿತು: ಪ್ರಾಣಿ ಬೆದರೀತು, ಸದ್ದು ಮಾಡಬೇಡಿ. ಊರು ಒಪ್ಪಿಕೊಂಡಿತು. ಶಾರವ್ವ ಕೂಡ ನನ್ನನ್ನು ಕಂಡು ಸದ್ದಾಗದಂತೆ ಬಳೆ ಹಿಂದಕ್ಕೆ ಸರಿಸಿಕೊಂಡು, ಮೆಲ್ಲಗೆ ಬದಿಗೆ ನಿಂತಳು.

ಮರುದಿನ ಹೊತ್ತು ಹುಟ್ಟುವ ಮುಂದ ಗುತ್ತೆವ್ವನ ಕುಡಗೋಲು ತಗೊಂಡು ಹಳ್ಳಕ್ಕೆ ಇಳಿದೆ. ಕೆಳಗಿನ ಗರಿ ಅಷ್ಟೇ ಕೊಯ್ದೆ. ಅವಳ ಹಾಡು ನನಗೆ ಪೂರಾ ಬರುವುದಿಲ್ಲ. ಬಂದಷ್ಟು ಗುನುಗಿದೆ. ಫಾರಮಿನಲ್ಲಿ ಹಂಗ ಬರೆದಿತ್ತು.